ಮಲೆನಾಡಿಗೆ ಹೋಗುವ ನೌಕರಿ

ಹಳೆಯ ಮೈಸೂರು ಸಂಸ್ಥಾನದ ನೌಕರರ ನಡುವೆ ‘ಮಲೆನಾಡಿಗೆ ವರ್ಗವಾಯಿತು’ ಎಂಬ ಮಾತಿಗೆ ಒಂದು ವಿಶೇಷವಾದ ಧ್ವನಿಯಿತ್ತು. ಅದನ್ನು ಕೇಳಿದ ಸ್ನೇಹಿತರು ಅಭಿನಂದಿಸುವುದಕ್ಕೆ ಮೊದಲು ಮರುಕಪಡುತ್ತಿದ್ದರು. ಕ್ವಿನೈನ್ ಗುಳಿಗೆಗಳನ್ನು ಮರೆಯದಿರಿ ಎಂದು ಮನೆಯ ಹಿರಿಯರು ಎಚ್ಚರಿಸುತ್ತಿದ್ದರು. ಈಗ ಗಾಳಿ ತಿರುಗಿದೆ. ಕಚೇರಿಯ ಕುರ್ಚಿಯಲ್ಲಿ ಕುಳಿತು ಬೇಸತ್ತ ಪಟ್ಟಣದ ತರುಣರು, ಮಲೆನಾಡಿನ ಕಡೆ ಕಾಡುಮೇಡು ಅಲೆಯುವಂಥ ಒಂದು ಕೆಲಸ ಸಿಕ್ಕಿದರೆ ಜನ್ಮ ಸಾರ್ಥಕವೆಂದು ಹಂಬಲಿಸುತ್ತಿದ್ದಾರೆ. ಅಂದಿನ ಭಯಕ್ಕೂ ಇಂದಿನ ಹಂಬಲಕ್ಕೂ ಅಜಗಜಾಂತರವೆಂದು ತೋರಬಹುದು. ಆದರೆ ಎರಡೂ ಹುಟ್ಟಿದ್ದು ಪಟ್ಟಣದಲ್ಲಿ. ಎರಡಕ್ಕೂ ಮಲೆನಾಡಿನ ಪರಿಚಯ ಕಡಮೆ. ಅಲ್ಲಿಗೆ ದುಡಿಯಲು ಹೋಗುವವನಿಗೆ ಬೇಕಾದದ್ದು ಏನು ಎಂಬುದನ್ನು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಹೊತ್ತು ಸ್ವಲ್ಪ ಯೋಚಿಸೋಣ.

ಮೊದಲು ನೆಲದ ವಿಚಾರ. ಮಲೆನಾಡೆಂದೊಡನೆ ಮೋಡಗಳನ್ನು ಮುಟ್ಟುವ ಶಿಖರಗಳನ್ನು ಕಲ್ಪಿಸಿಕೊಳ್ಳುವವರಿಗೆ ಶಿಕಾರಿಪುರ ನಿರಾಶೆಯನ್ನುಂಟುಮಾಡೀತು. ಈ ಎರಡು ಊರುಗಳೂ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ, ಬೆಂಗಳೂರಿಗಿಂತ ತಗ್ಗು. ಶಿಕಾರಿಪುರದ ಪೂರ್ವಭಾಗವು ಬಯಲುಸೀಮೆಗೆ ಮುಖಮಾಡಿದೆ. ಕುಮುದ್ವತಿ ನದಿಯೂ ಕೆರೆಗಳೂ ಅಲ್ಲಿಯ ಬೇಸಾಯಕ್ಕೆ ಆಧಾರ. ಪಶ್ಚಿಮಕ್ಕೆ ಸೊರಬದತ್ತ ನಡೆದಂತೆ ಮಳೆ ಹೆಚ್ಚುತ್ತದೆ, ಮರಗಳು ಎತ್ತರವಾಗುತ್ತವೆ, ಅಡಕೆಯ ತೋಟಗಳು ಕಣಿವೆಗಳಲ್ಲಿ ಇಳಿದು ಕುಳಿತುಕೊಳ್ಳುತ್ತವೆ. ಚಂದ್ರಗುತ್ತಿಯ ಬೆಟ್ಟವೊಂದು ಮಾತ್ರ ತಲೆಯೆತ್ತಿ ನಿಂತಿದೆ. ಇದು ಮಲೆಗೂ ಬಯಲಿಗೂ ನಡುವಣ ಹೊಸ್ತಿಲು.

ಈ ಹೊಸ್ತಿಲು ನಿರ್ಜನವಾದ ಕಾಡೆಂದು ತಿಳಿಯುವುದು ಇನ್ನೊಂದು ಭ್ರಾಂತಿ. ಕದಂಬರ ಶಾಸನಸ್ತಂಭವು ನಿಂತಿರುವ ತಾಳಗುಂದ, ವಿದ್ಯಾಕೇಂದ್ರವಾಗಿ ಮೆರೆದ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ, ಮೂರೂ ಶಿಕಾರಿಪುರ ತಾಲ್ಲೂಕಿನವು. ರೈಸ್ ಸಾಹೇಬರು ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ಒಂದು ಸಂಪುಟವನ್ನೂ 1904ರಲ್ಲಿ ಇನ್ನೊಂದನ್ನೂ ಪ್ರಕಟಿಸಿದರು. ಶಿಕಾರಿಪುರದ ಶಾಸನಗಳು ಮೊದಲನೆಯದರಲ್ಲಿ, ಸೊರಬದವು ಎರಡನೆಯದರಲ್ಲಿ ಸೇರಿವೆ. ಒಂದೂವರೆ ಸಾವಿರ ವರ್ಷಗಳಿಂದ ಜನರು ಉತ್ತು ಬಿತ್ತು ಬಾಳಿದ ನಾಡಿದು. ಹೊಸಬನು ಇಲ್ಲಿ ತಾನೇ ಮೊದಲು ಕಾಲಿಟ್ಟವನೆಂಬ ಹೆಮ್ಮೆಯಿಂದ ಇಳಿಯುವಂತಿಲ್ಲ.

ಅಲ್ಲಿಯ ಕಾಡು ಕೂಡ ಜನರ ಬಾಳಿನಿಂದ ಹೊರಗೆ ಉಳಿದದ್ದಲ್ಲ. ಸೊರಬದಲ್ಲಿ ‘ಕಾನು’ ಎಂಬ ಮಾತುಂಟು. ವರ್ಷವೆಲ್ಲಾ ಹಸುರಾಗಿರುವ ದಟ್ಟವಾದ ಮರಗಳ ತೋಪಿಗೆ ಆ ಹೆಸರು. ಕಾನಿನಲ್ಲಿ ಮೆಣಸಿನ ಬಳ್ಳಿ ಹಬ್ಬುತ್ತಿತ್ತು. ಬೈನೆ, ವಾಟೆ, ಉಪ್ಪಾಗೆಯ ಮರಗಳು ಬೆಳೆಯುತ್ತಿದ್ದವು. ಅದರ ಬುಡದಲ್ಲಿ ಹುಟ್ಟಿದ ನೀರು ಕೆಳಗಿನ ಗದ್ದೆಯನ್ನು ತಣಿಸುತ್ತಿತ್ತು. ಎಷ್ಟೋ ಕಾನುಗಳಲ್ಲಿ ದೇವರು ನೆಲಸಿದ್ದರಿಂದ ಕೊಡಲಿಗೆ ಅಲ್ಲಿ ಪ್ರವೇಶವಿರಲಿಲ್ಲ. ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ಗ್ರಾಂಟ್ ಎಂಬ ಅಧಿಕಾರಿಯೊಡನೆ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತೇ ಒಂದು ವರದಿಯನ್ನು ಬರೆದನು. ಅದರಲ್ಲಿ ಲೆಕ್ಕಕ್ಕೆ ಸಿಕ್ಕಿದ ಕಾನುಗಳು 171. ಅವುಗಳ ವಿಸ್ತಾರ ಸುಮಾರು 13,000 ಹೆಕ್ಟೇರು. ದೊಡ್ಡ ಅಧಿಕಾರಿಯೊಬ್ಬನು ಒಂದು ತಾಲ್ಲೂಕಿನ ತೋಪುಗಳನ್ನು ಹೀಗೆ ಎಣಿಸಿ ಬರೆಯಬೇಕಾದರೆ, ಅವು ಬರಿಯ ಮರಗಳ ಗುಂಪಾಗಿರಲಿಲ್ಲವೆಂಬುದು ಸ್ಪಷ್ಟ.

ಇನ್ನು ಭಯದ ಮಾತು. ಹಿಂದಿನವರ ಭಯ ಬರಿಯ ಪುಕ್ಕಲುತನವಲ್ಲ. ಮಲೇರಿಯಾ ಜ್ವರವು ಮಲೆನಾಡಿನ ಹಳ್ಳಿಗಳನ್ನು ತಲೆಮಾರುಗಳ ಕಾಲ ಹಿಂಡಿತು. ದುಡಿಯುವ ಕೈಗಳೇ ಇಲ್ಲದೆ ಗದ್ದೆಗಳು ಪಾಳುಬಿದ್ದವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಗೂ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಆ ಪಿಡುಗು ಇಳಿಯಿತು. ಮಲೆನಾಡು ನಿಟ್ಟುಸಿರು ಬಿಡುವಷ್ಟರಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರು ತೀವ್ರವಾದ ಜ್ವರದಿಂದ ಮಲಗಿದರು.

ಪೂನಾದ ವೈರಸ್ ಸಂಶೋಧನ ಕೇಂದ್ರದಿಂದ ವಿಜ್ಞಾನಿಗಳು ಧಾವಿಸಿದರು. ಏಷ್ಯಾ ಖಂಡದಲ್ಲಿ ಎಂದೂ ಕಾಣದ ಹಳದಿ ಜ್ವರವು ಬಂದಿಳಿಯಿತೋ ಎಂಬುದು ಅವರ ಮೊದಲ ಶಂಕೆ. ಪರೀಕ್ಷೆಯಲ್ಲಿ ದೊರೆತದ್ದು ಬೇರೆಯೇ ಆದ ವೈರಸ್. ರಷ್ಯಾ ದೇಶದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿಗೆ ಅದು ಹತ್ತಿರದ ಬಂಧು. ಇಲ್ಲಿಯೂ ಅದನ್ನು ಹೊತ್ತು ತಿರುಗುವುದು ಕಾಡಿನ ಉಣ್ಣೆಯೇ, ಮಲೆನಾಡಿನವರು ಹೇಳುವ ಉಣುಗು. ಹೀಗೆ ಸೊರಬದ ಒಂದು ಸಣ್ಣ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಹಳ್ಳಿಯವರಾದರೋ ಅದನ್ನು ‘ಮಂಗನ ಕಾಯಿಲೆ’ ಎಂದರು. ಆ ಹೆಸರಿನಲ್ಲಿಯೇ ಅರ್ಧ ರೋಗನಿದಾನವಿದೆ: ಮಂಗ ಸತ್ತ ಕಡೆ ಮನುಷ್ಯನಿಗೂ ಅಪಾಯ. ಮಂಗವು ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು ಸುತ್ತ ಚದರುತ್ತವೆ. ಸೌದೆಗೋ ದರಗಿಗೋ ಹೋದವರನ್ನು ಹಿಡಿಯುತ್ತವೆ. ವಿಜ್ಞಾನಿಗಳು ಸೂಕ್ಷ್ಮದರ್ಶಕದಿಂದ ಬಿಡಿಸಿದ ಗಂಟಿನ ತುದಿಯನ್ನು ಹಳ್ಳಿಯವರು ಕಣ್ಣಿನಿಂದಲೇ ಹಿಡಿದಿದ್ದರು. ಕಾಡನ್ನು ಕಡಿದು ಬೇಸಾಯ ಹೆಚ್ಚಿದಂತೆ ದನಗಳು ಕಾಡಿನಂಚಿನಲ್ಲಿ ಮೇಯತೊಡಗಿ, ಬೆಳೆದ ಉಣುಗುಗಳಿಗೆ ಆಹಾರ ಒದಗಿ, ಅವುಗಳ ಸಂತಾನ ಹೆಚ್ಚಿತೆಂದು ಆಮೇಲೆ ಸಂಶೋಧಕರು ವಿವರಿಸಿದರು.

ಈ ಕಥೆಯನ್ನು ಹೇಳುವುದು ಯಾರನ್ನೂ ಹೆದರಿಸುವುದಕ್ಕಲ್ಲ. ಕಾಡಿನ ಕೆಲಸಕ್ಕೆ ಹೋಗುವವನಿಗೆ ಇದರಲ್ಲಿ ಪ್ರಾಣದ ಪ್ರಶ್ನೆಯಿದೆ. ಈ ರೋಗ ಶಿವಮೊಗ್ಗ ಜಿಲ್ಲೆಯಲ್ಲೇ ನಿಲ್ಲಲಿಲ್ಲ. 2012ರ ಕೊನೆಯಲ್ಲಿ ದೂರದ ಬಂಡೀಪುರದಲ್ಲಿ ಮಂಗಗಳು ಸತ್ತಾಗ, ಆ ಕಳೇಬರಗಳ ವಿಲೇವಾರಿಯಲ್ಲಿ ತೊಡಗಿದ್ದ ಅರಣ್ಯದ ನೌಕರರಿಗೇ ಕಾಯಿಲೆ ತಗುಲಿತು. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯು ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈ ರೋಗಕ್ಕೆಂದೇ ಸಿದ್ಧವಾದ ಔಷಧವೂ ಇಲ್ಲ. ಉಳಿದಿರುವ ದಾರಿ ಎಚ್ಚರಿಕೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡುವುದು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚುವುದು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗವನ್ನು ಮುಟ್ಟದೆ ಕೂಡಲೆ ವರದಿ ಕೊಡುವುದು. ಈ ವರದಿ ಬೇಗ ಬರಬೇಕಾದರೆ ಹಳ್ಳಿಯವರು ಗಾರ್ಡನ ಬಳಿಗೆ ಅಳುಕದೆ ಬರುವಂತಿರಬೇಕು. ಅಲ್ಲಿದೆ ವಿಷಯದ ಮರ್ಮ.

ಆ ವಿಶ್ವಾಸವನ್ನು ಗಳಿಸುವುದು ಸುಲಭವಲ್ಲ. ಅರಣ್ಯರಕ್ಷಕನ ಕೆಲಸವನ್ನು ನೋಡಿ. ಬೇಸಗೆಯಲ್ಲಿ ಬೆಂಕಿ ಹರಡದಂತೆ ರೇಖೆ ತೆಗೆಸಬೇಕು, ಹಗಲಿರುಳು ಹೊಗೆಗಾಗಿ ಕಣ್ಣಿಟ್ಟಿರಬೇಕು. ಮಳೆಗಾಲದಲ್ಲಿ ಉಂಬಳಗಳಿಗೆ ರಕ್ತದಾನಮಾಡುತ್ತ ಸಸಿ ನೆಡಿಸಬೇಕು. ಮರಗಳ್ಳರ ಎದುರು ಒಬ್ಬನೇ ನಿಲ್ಲಬೇಕು. ಇವೆಲ್ಲಕ್ಕಿಂತ ಕಷ್ಟವಾದದ್ದು ಬಗರ್ ಹುಕುಂ ಜಮೀನಿನ ಎದುರು ನಿಲ್ಲುವುದು. ಕಾಗದದಲ್ಲಿ ‘ಒತ್ತುವರಿ’ ಎಂದಿರುವ ಎರಡೆಕರೆ, ಬದುವಿನ ಮೇಲೆ ನಿಂತವನಿಗೆ ಒಂದು ಸಂಸಾರದ ಅನ್ನ. 2006ರ ಅರಣ್ಯ ಹಕ್ಕು ಕಾಯಿದೆಯು ಕೆಲವರಿಗೆ ನ್ಯಾಯದ ಬಾಗಿಲನ್ನು ತೆರೆದಿದೆ. ಎಲ್ಲರ ವ್ಯಾಜ್ಯವೂ ಅದರಿಂದ ತೀರಿಲ್ಲ. ಕಾಡನ್ನು ಬಿಟ್ಟುಕೊಡದೆ, ಬಡವನನ್ನು ಹೀನಾಯವಾಗಿ ಕಾಣದೆ, ಎರಡರ ನಡುವೆ ನಡೆಯುವ ಕಾಲುದಾರಿ ಯಾವ ಪರೀಕ್ಷೆಯ ಪಠ್ಯದಲ್ಲಿಯೂ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂಥ ನೌಕರಿಗೆ ಹೋಗಲೇ ಎಂದು ಸಲಹೆ ಕೇಳಿದನು. ವರ್ಡ್ಸ್‌ವರ್ತ್ ಕವಿಯನ್ನು ನನ್ನಿಂದಲೇ ಓದಿದವನು. ಪ್ರಕೃತಿಯ ಮಡಿಲೆಂದರೆ ಶಾಂತಿಯೆಂದು ನಂಬಿದ್ದನು. ಅವನ ತಂದೆಯವರು, ಪದವಿ ಪಡೆದ ಮಗ ಕಾಡು ಕಾಯಬೇಕೆ ಎಂದು ನೊಂದಿದ್ದರು. ನಾನು ಅವನಿಗೆ ಹೇಳಿದ್ದು ಇಷ್ಟು: ಶಾಂತಿಗಾಗಿ ಹೋಗುವೆಯಾದರೆ ಬೇಡ, ವಾರದ ರಜೆ ಸಾಕು. ಕಲಿಯುವುದಕ್ಕೆ ಸಿದ್ಧನಾಗಿದ್ದರೆ ಧಾರಾಳವಾಗಿ ಹೋಗು. ಯಾವ ಕಾನಿನ ನೀರು ಯಾರ ಗದ್ದೆಗೆ ಇಳಿಯುತ್ತದೆ, ಯಾವ ಮರ ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವ ದಾರಿಯಲ್ಲಿ ದನ ಮೇಯಲು ಹೋಗುತ್ತವೆ, ಇವನ್ನು ಅಲ್ಲಿಯ ದನ ಕಾಯುವ ಹುಡುಗನಿಂದಲೂ ದರಗು ಹೊರುವ ತಾಯಿಯಿಂದಲೂ ಕೇಳಿ ತಿಳಿ. ಎರಡು ಮಳೆಗಾಲ ಕಳೆಯುವವರೆಗೆ ಉಪದೇಶ ಮಾಡಬೇಡ. ಅವರನ್ನು ‘ನೀವು’ ಎಂದು ಕರೆ. ತಂದೆಯವರಿಗೆ ಹೇಳಿದ್ದು ಇನ್ನೂ ಚಿಕ್ಕದು: ಪದವಿಯು ಕಾಡಿನಲ್ಲಿ ವ್ಯರ್ಥವಾಗುವುದಿಲ್ಲ, ಅಲ್ಲಿ ಅದಕ್ಕೆ ಮತ್ತೊಂದು ಪರೀಕ್ಷೆ ಮಾತ್ರ ನಡೆಯುತ್ತದೆ.

ನಮ್ಮ ತರುಣ ತರುಣಿಯರು ಇಂಥ ಕೆಲಸಗಳಿಗೆ ಹೋಗಬೇಕು. ಆದರೆ ಅವರನ್ನು ಕಳುಹಿಸುವ ನಾವು ಹಾರೈಕೆಯಲ್ಲಿಯೇ ಕೈತೊಳೆದುಕೊಳ್ಳಬಾರದು. ಒಣಗಿದ ವಸತಿ, ಹತ್ತಿರದಲ್ಲೊಂದು ಆಸ್ಪತ್ರೆ, ಮಕ್ಕಳಿಗೆ ಶಾಲೆ, ಕಷ್ಟದಲ್ಲಿ ಕರೆದರೆ ಬರುವ ವಾಹನ, ಇವು ಗಾರ್ಡನಿಗೆ ತೋರಿಸುವ ದಯೆಯಲ್ಲ, ನಾವು ಸಲ್ಲಿಸಬೇಕಾದ ಬಾಕಿ. ನಾವು ಬಳಸುವ ನದಿಗಳ ನೀರು ಮಲೆಯ ನೆರಳಿನಲ್ಲಿ ಹುಟ್ಟುತ್ತದೆ. ಆ ನೆರಳನ್ನು ಕಾಯುವವರು ನಮ್ಮ ಪರವಾಗಿಯೇ ಉಣುಗಿನ ನಡುವೆ ನಡೆಯುತ್ತಿದ್ದಾರೆ.