ಬೋಧಕನನ್ನು ಪರೀಕ್ಷಿಸುವವರಾರು?

(ಬಂದೂಕು ಪರವಾನಗಿದಾರರ ಮತ್ತು ತರಬೇತುದಾರರ ಸಮ್ಮೇಳನದಲ್ಲಿ ಮಾಡಿದ ಅಧ್ಯಕ್ಷ ಭಾಷಣ)



ಈ ಪೀಠವನ್ನು ನನಗಿತ್ತದ್ದಕ್ಕಾಗಿ ತಮಗೆಲ್ಲರಿಗೂ ಕೃತಜ್ಞನಾಗಿದ್ದೇನೆ. ಮಳೆಯ ದಿನಗಳಲ್ಲಿಯೂ ಊಟ ವಸತಿಗಳಿಗೆ ಕೊರತೆ ಬಾರದಂತೆ ನೋಡಿಕೊಂಡ ಸ್ವಾಗತ ಸಮಿತಿಗೆ ನನ್ನ ವಂದನೆಗಳು. ನನಗಿಂತ ಹಿಂದೆ ಇಲ್ಲಿ ಕುಳಿತ ಹಿರಿಯರು ಸಂಘಕ್ಕೆ ನಿಯಮಾವಳಿಯನ್ನು ರಚಿಸಿಕೊಟ್ಟರು, ಲೆಕ್ಕಪತ್ರಗಳನ್ನು ಶುದ್ಧವಾಗಿಟ್ಟರು, ವರ್ಷಕ್ಕೊಮ್ಮೆ ತಪ್ಪದೆ ಸಭೆ ಕರೆದರು. ಅವರ ಸೇವೆಯನ್ನು ಗೌರವದಿಂದ ಸ್ಮರಿಸುತ್ತೇನೆ.

ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾದ ಕಷ್ಟ, ಬೆಳೆರಕ್ಷಣೆಯ ಪರವಾನಗಿಯ ನವೀಕರಣದಲ್ಲಿ ಆಗುವ ವಿಳಂಬ, ತೋಟಾಗಳ ದುಬಾರಿ ಬೆಲೆ, ಇವುಗಳ ಕುರಿತು ನಿರ್ಣಯಗಳು ಸಿದ್ಧವಾಗಿವೆ. ಅವುಗಳೆಲ್ಲಕ್ಕೂ ನನ್ನ ಬೆಂಬಲವಿದೆ. ಆದರೆ ನನಗೆ ದೊರೆತಿರುವ ಸಮಯವನ್ನು ನಾನು ಅವುಗಳಿಗೆ ವ್ಯಯಿಸಲಾರೆ. ಏಕೆಂದರೆ ಅನೇಕ ವರ್ಷಗಳಿಂದ ಈ ಸಂಘದ ಒಳಗೂ ಹೊರಗೂ ನಾನು ಹೋರಾಡುತ್ತ ಬಂದಿರುವುದು ಒಂದೇ ಒಂದು ವಿಷಯಕ್ಕಾಗಿ, ಅದು ಇಂದಿಗೂ ಇತ್ಯರ್ಥವಾಗದೆ ಉಳಿದಿದೆ. ಪರವಾನಗಿ ಬೇಡುವವನಿಗೆ ಶಸ್ತ್ರದ ಸುರಕ್ಷತೆಯನ್ನು ಕಲಿಸುವ ತರಗತಿಗಳೇ ಅಸುರಕ್ಷಿತವಾಗಿ ನಡೆಯುತ್ತಿವೆ, ಕಲಿಸುವ ಬೋಧಕನ ಯೋಗ್ಯತೆಯನ್ನು ಯಾರೂ ಪರೀಕ್ಷಿಸುತ್ತಿಲ್ಲ ಎಂಬುದೇ ಆ ವಿಷಯ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1878ರ ಶಸ್ತ್ರಾಸ್ತ್ರ ಶಾಸನವು ಆಳರಸರು ಪ್ರಜೆಯ ಕೈಯಿಂದ ಆಯುಧವನ್ನು ದೂರವಿಡುವುದಕ್ಕಾಗಿ ಮಾಡಿದ್ದು. ಸ್ವತಂತ್ರ ಭಾರತದ 1959ರ ಶಾಸನವು ಅರ್ಜಿದಾರನ ಅಗತ್ಯವನ್ನೂ ನಡತೆಯನ್ನೂ ವಿಚಾರಿಸಿ ತಿಳಿದು, ಅರ್ಹನಿಗೆ ಪರವಾನಗಿ ಕೊಡುವ ಮಾರ್ಗವನ್ನು ಹಿಡಿಯಿತು. ಆದರೆ ಆಯುಧವನ್ನು ಹಿಡಿಯುವ ಕೈಗೆ ಅದರ ಪರಿಚಯವಿದೆಯೆ ಎಂಬ ಪ್ರಶ್ನೆಗೆ ಸ್ಪಷ್ಟವಾದ ವಿಧಿರೂಪ ಬಂದದ್ದು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ. ಅರ್ಜಿದಾರನು ಸುರಕ್ಷತಾ ತರಬೇತಿಯನ್ನು ಪೂರೈಸಿ ಎಸ್-1 ನಮೂನೆಯ ಪ್ರಮಾಣಪತ್ರವನ್ನು ಒದಗಿಸಬೇಕೆಂಬ ಆ ವಿಧಿಯನ್ನು ನಾನು ಅಂದು ಮನಃಪೂರ್ವಕವಾಗಿ ಸ್ವಾಗತಿಸಿದೆ, ಇಂದೂ ಸ್ವಾಗತಿಸುತ್ತೇನೆ. ಕೊಡಗಿನ ಕೊಡವ ಬಾಂಧವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿಯುಂಟು. 2019ರಲ್ಲಿ ಅದು ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಯಿತು, 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೊಡಗಿನಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ತೋಕಿಗೆ, ಅಂದರೆ ಕೋವಿಗೆ, ಪೂಜೆ ಸಲ್ಲಿಸುವ ಮನೆಗಳಲ್ಲಿ ಹಿರಿಯರ ಕಣ್ಣೆದುರಿನಲ್ಲಿ ಮಕ್ಕಳು ಆಯುಧದ ಮರ್ಯಾದೆಯನ್ನು ಕಲಿಯುವ ಸಂಪ್ರದಾಯವಿದೆ. ಅಂಥ ಮನೆಯಿಲ್ಲದ ನಮ್ಮ ಅರ್ಜಿದಾರನಿಗೆ ತರಗತಿಯೊಂದೇ ಗತಿ. ಆ ತರಗತಿ ಹುಸಿಯಾದರೆ ಅವನಿಗೆ ಬೇರೆ ಗುರುವಿಲ್ಲ.

ಈಗ ತರಗತಿಯ ಒಳಗೆ ಬನ್ನಿ. ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಯಾವ ಸಂಸ್ಥೆಯ ಹೆಸರನ್ನೂ ಹೇಳುವುದಿಲ್ಲ.

ಮೊದಲನೆಯ ದೋಷ, ಗುಂಡು ಹಾರಿಸದೆಯೇ ದೊರೆಯುವ ಪ್ರಮಾಣಪತ್ರ. ಬೆಳಗ್ಗೆ ಶುಲ್ಕ ಕಟ್ಟಿ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಬಂದೂಕಿನ ಭಾಗಗಳ ಚಿತ್ರವನ್ನು ನೋಡಿ, ಮಧ್ಯಾಹ್ನದೊಳಗೆ ಮುದ್ರೆಯೊತ್ತಿದ ಕಾಗದದೊಡನೆ ಮನೆಗೆ ಹೋದವರನ್ನು ನಾನು ಬಲ್ಲೆ. ಎರಡನೆಯದು, ಕಲಿಯುವ ಆಯುಧವೊಂದು, ಕೊಳ್ಳುವ ಆಯುಧವೊಂದು. ಅರ್ಜಿದಾರನು ಸ್ವರಕ್ಷಣೆಗಾಗಿ .32 ರಿವಾಲ್ವರನ್ನೋ ಪಿಸ್ತೂಲನ್ನೋ ಕೊಳ್ಳಲು ಹೊರಟಿರುತ್ತಾನೆ; ಮೈದಾನದಲ್ಲಿ ಅವನನ್ನು ಬೋರಲು ಮಲಗಿಸಿ, .22 ರೈಫಲಿನ ಹಿಡಿಯನ್ನು ಭುಜಕ್ಕೊತ್ತಿಸಿ ಕೆಲವು ಗುಂಡು ಹಾರಿಸಿ ಕಳುಹಿಸುತ್ತಾರೆ. ಉದ್ದನೆಯ ನಳಿಗೆ ತನ್ನ ಉದ್ದದಿಂದಲೇ ಹಿಡಿದವನನ್ನು ಎಚ್ಚರಿಸುತ್ತದೆ; ಕೈಬಂದೂಕಾದರೋ ಮಣಿಕಟ್ಟು ತುಸುವೇ ತಿರುಗಿದರೂ ಪಕ್ಕದವನ ಎದೆಗೆ ಗುರಿಯಾಗುತ್ತದೆ. ಅಪಾಯ ಅಧಿಕವಾದ ಆಯುಧಕ್ಕೆ ಶಿಕ್ಷಣ ಶೂನ್ಯವೆಂಬ ಈ ಸ್ಥಿತಿಯನ್ನು ಯಾರು ಸಮರ್ಥಿಸಬಲ್ಲರು?

ಮೂರನೆಯದು, ಪಾಠದ ಮೇಜಿನ ಮೇಲೆಯೇ ಜೀವಂತ ತೋಟಾಗಳು. ಅಭ್ಯಾಸದ ಹುಸಿ ತೋಟಾಗಳನ್ನೂ ನಿಜವಾದವನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟು, ಬಣ್ಣ ನೋಡಿ ಆರಿಸಿಕೊಳ್ಳಿ ಎಂದ ಬೋಧಕನನ್ನು ಕಂಡು ನಾನು ನಡುಗಿದ್ದೇನೆ. ನಾಲ್ಕನೆಯದು ಎಲ್ಲಕ್ಕಿಂತ ಘೋರವಾದದ್ದು: ಬೋಧಕನೇ ಪಿಸ್ತೂಲನ್ನು ಹಿಡಿದು ಮಾತನಾಡುತ್ತ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದರ ಬಾಯಿಯನ್ನು ಶಿಷ್ಯರ ಮೇಲೆ ಹಾಯಿಸುವುದು, ಬೆರಳನ್ನು ಕುದುರೆಯ (ಟ್ರಿಗರಿನ) ಮೇಲಿಟ್ಟುಕೊಂಡೇ ಕರಿಹಲಗೆಯ ಕಡೆ ತೋರಿಸುವುದು, ಯಾರಾದರೂ ಹಿಂಜರಿದರೆ ‘ಖಾಲಿ ಇದೆ, ಹೆದರಬೇಡಿ’ ಎಂದು ಸಮಾಧಾನ ಹೇಳುವುದು. ಶಿಷ್ಯನು ಉಪನ್ಯಾಸವನ್ನು ಮರೆಯುತ್ತಾನೆ, ಗುರುವಿನ ಕೈಯನ್ನು ಮಾತ್ರ ಜೀವನಪರ್ಯಂತ ಅನುಕರಿಸುತ್ತಾನೆ.

‘ಖಾಲಿ ಇದೆ’ ಎಂಬ ಆ ಎರಡು ಪದಗಳು ಎಷ್ಟು ಪ್ರಾಣಗಳನ್ನು ಬಲಿತೆಗೆದುಕೊಂಡಿವೆಯೆಂಬುದನ್ನು ಯೋಚಿಸಬೇಕು. ಮ್ಯಾಗಜೀನನ್ನು ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ, ನಳಿಗೆಯ ಹಿಂದಿನ ಚೇಂಬರಿನಲ್ಲಿ ಒಂದು ತೋಟಾ ಉಳಿದಿರಬಹುದು. ಮೊದಲು ಮ್ಯಾಗಜೀನನ್ನು ತೆಗೆದು, ಆಮೇಲೆ ಸ್ಲೈಡನ್ನು (ಮೇಲಿನ ಜಾರುಭಾಗವನ್ನು) ಹಿಂದಕ್ಕೆಳೆದು, ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದರೆ, ಅಂದರೆ ಸ್ಲೈಡನ್ನು ಮೊದಲು ಎಳೆದು ಮ್ಯಾಗಜೀನನ್ನು ಆಮೇಲೆ ತೆಗೆದರೆ, ಮ್ಯಾಗಜೀನಿನಿಂದ ಹೊಸ ತೋಟಾವೊಂದು ಚೇಂಬರನ್ನು ಸೇರಿ ಕುಳಿತಿರುತ್ತದೆ, ಹಿಡಿದವನು ಖಾಲಿಯೆಂದೇ ನಂಬಿರುತ್ತಾನೆ. ಇದನ್ನು ವಿವರಿಸುವುದಕ್ಕೆ ಐದು ನಿಮಿಷ ಸಾಕು, ಕೈಗೆ ರೂಢಿಯಾಗುವಂತೆ ಮಾಡುವುದಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನವನ್ನೇ ನಮ್ಮ ತರಗತಿಗಳು ಕದಿಯುತ್ತಿವೆ.

ಅನುಭವಶಾಲಿಗೆ ಈ ಶಿಸ್ತು ಅನಾವಶ್ಯಕವೆಂಬ ಭ್ರಮೆಯನ್ನು ತೊರೆಯಬೇಕು. 2004ರಲ್ಲಿ ಅಮೆರಿಕದ ಓರ್ಲಾಂಡೋ ನಗರದಲ್ಲಿ ಮಾದಕದ್ರವ್ಯ ನಿಗ್ರಹ ಇಲಾಖೆಯ ಅಧಿಕಾರಿಯೊಬ್ಬರು ಮಕ್ಕಳೆದುರಿಗೆ ಬಂದೂಕಿನ ಅಪಾಯವನ್ನು ಕುರಿತು ಬೋಧಿಸುತ್ತಿದ್ದಾಗಲೇ, ಖಾಲಿಯೆಂದು ನಂಬಿದ್ದ ತಮ್ಮ ಪಿಸ್ತೂಲಿನಿಂದ ತಮ್ಮ ತೊಡೆಗೇ ಗುಂಡು ಹಾರಿಸಿಕೊಂಡರು. 2016ರ ಜನವರಿಯಲ್ಲಿ ಓಹಾಯೋ ರಾಜ್ಯದ ಅಮೀಲಿಯಾ ಎಂಬಲ್ಲಿ, ಬಂದೂಕಿನಂಗಡಿಯೊಂದರಲ್ಲಿ ಕೈಬಂದೂಕಿನ ಪರವಾನಗಿ ತರಗತಿ ನಡೆಯುತ್ತಿದ್ದಾಗ ಶಿಷ್ಯನೊಬ್ಬನ ಕೈಯಲ್ಲಿದ್ದ ಆಯುಧದಿಂದ ಹಾರಿದ ಗುಂಡು ಗೋಡೆಯನ್ನು ತೂರಿ ಪಕ್ಕದ ಕೋಣೆಯಲ್ಲಿದ್ದ ಅಂಗಡಿಯ ಮಾಲಿಕನನ್ನೇ ಕೊಂದಿತು. ತರಗತಿಯೊಳಗೆ ಒಂದೇ ಒಂದು ಜೀವಂತ ತೋಟಾ ಪ್ರವೇಶಿಸದಿದ್ದಲ್ಲಿ ಆ ಮನುಷ್ಯನು ಆ ದಿನ ಮನೆಗೆ ಮರಳುತ್ತಿದ್ದನು.

ನಮ್ಮ ನೆಲದ ದುಃಖಗಳೇನು ಕಡಮೆಯೆ? 2022ರ ಡಿಸೆಂಬರ್ 31ರ ರಾತ್ರಿ ಶಿವಮೊಗ್ಗದಲ್ಲಿ ಹೊಸ ವರ್ಷದ ಸಂಭ್ರಮದ ನಡುವೆ ತಂದೆಯೊಬ್ಬರು ಹಾರಿಸಿದ ಗುಂಡು ಅವರ ಮಗನ ಸ್ನೇಹಿತನೊಬ್ಬನನ್ನು ಬಲಿ ತೆಗೆದುಕೊಂಡಿತು, ಬಂದೂಕು ಹಿಡಿದಿದ್ದ ಆ ತಂದೆಯೂ ಹೃದಯಾಘಾತದಿಂದ ಅಸುನೀಗಿದರು. 2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲೂಕಿನ ಕೋಳಿ ಸಾಕಣೆಯ ತಾಣದಲ್ಲಿ ಕೈಗೆಟುಕುವಂತಿದ್ದ ಬಂದೂಕನ್ನು ಬಾಲಕನೊಬ್ಬನು ಎತ್ತಿಕೊಂಡದ್ದರಿಂದ ನಾಲ್ಕು ವರ್ಷದ ಮಗುವೊಂದು ಸತ್ತಿತು. 2024ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಪ್ರಸಿದ್ಧ ಚಲನಚಿತ್ರ ನಟರೊಬ್ಬರು ತಮ್ಮ ರಿವಾಲ್ವರನ್ನು ಎತ್ತಿಡುವಾಗ ಗುಂಡು ಅವರ ಕಾಲನ್ನೇ ಹೊಕ್ಕಿತು. ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತರುವವನಿಗೆ ಶಸ್ತ್ರಾಸ್ತ್ರ ಶಾಸನದ 2019ರ ತಿದ್ದುಪಡಿ ಎರಡು ವರ್ಷದವರೆಗೆ ಸೆರೆವಾಸವನ್ನಾಗಲಿ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನಾಗಲಿ ಎರಡನ್ನೂ ಆಗಲಿ ವಿಧಿಸುತ್ತದೆ, ಅದು ನ್ಯಾಯವೇ. ಆದರೆ ದಂಡವು ಅಪಘಾತವಾದ ಮೇಲೆ ಬರುವುದು. ಅಪಘಾತಕ್ಕೆ ಮೊದಲು ಬರಬೇಕಾದದ್ದು ಶಿಕ್ಷಣ.

ಬೋಧಕರು ಏಕೆ ಹೀಗಾದರು? ಅವರಲ್ಲಿ ಬಹುಮಂದಿ ದುರುಳರಲ್ಲ. ಸೇನೆಯಲ್ಲಿಯೋ ಸಶಸ್ತ್ರ ಮೀಸಲು ಪಡೆಯಲ್ಲಿಯೋ ಪ್ರಾಮಾಣಿಕವಾಗಿ ದುಡಿದು ನಿವೃತ್ತರಾದವರು. ಆದರೆ ಆಜ್ಞೆಗೆ ಒಗ್ಗಿದ ಇಪ್ಪತ್ತು ವರ್ಷದ ಸಿಪಾಯಿಗೆ ಕಲಿಸುವ ವಿಧಾನವೇ ಬೇರೆ, ಆಯುಧವನ್ನು ಎಂದೂ ಮುಟ್ಟದ ಐವತ್ತರ ವರ್ತಕನಿಗೂ ಒಂಟಿಯಾಗಿ ತೋಟದ ಮನೆಯಲ್ಲಿರುವ ಗೃಹಿಣಿಗೂ ಕಲಿಸುವ ವಿಧಾನವೇ ಬೇರೆ, ಬಲ್ಲವನೆಲ್ಲ ಬೋಧಕನಾಗಲಾರನು. ಶುಲ್ಕವು ತಲೆಯೆಣಿಕೆಯ ಮೇಲೆ ಬರುವುದರಿಂದ ಒಬ್ಬನ ಕೈಕೆಳಗೆ ಇಪ್ಪತ್ತು ಮಂದಿಯನ್ನು ತುಂಬುತ್ತಾರೆ. ಅನುತ್ತೀರ್ಣನಾದವನು ಮುಂದಿನ ಅರ್ಜಿದಾರನನ್ನು ಕರೆತರುವುದಿಲ್ಲವಾದ್ದರಿಂದ ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲ. ಒಮ್ಮೆ ಬೋಧಕನೆಂದು ಮನ್ನಣೆ ಪಡೆದವನನ್ನು ಕೆಲವು ವರ್ಷಗಳಾದ ಮೇಲೆ ಮತ್ತೆ ಕರೆದು, ನಿನ್ನ ಕೈಯನ್ನು ತೋರಿಸು ಎಂದು ಕೇಳುವ ಪದ್ಧತಿಯನ್ನು ನಾನು ಓಡಾಡಿದ ಕಡೆ ಎಲ್ಲಿಯೂ ಕಾಣೆ. ಭತ್ತ ಅಳೆಯುವ ಕೊಳಗವೇ ಸರಿಯಿಲ್ಲದಿದ್ದರೆ ಕಣಜದ ಲೆಕ್ಕ ಸರಿಯಾದೀತೆ?

ತರಬೇತಿಯನ್ನು ಕಠಿಣಗೊಳಿಸಿದರೆ ಪರವಾನಗಿಯೇ ದುರ್ಲಭವಾದೀತು ಎಂಬ ವಾದವನ್ನು ಈ ಸಭೆಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ತರಬೇತಿಯನ್ನು ಸಡಿಲಗೊಳಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಟೆನೆಸೀ ರಾಜ್ಯವನ್ನು ನೋಡೋಣ. ಅಲ್ಲಿ ಕೈಬಂದೂಕು ಧರಿಸುವ ಪರವಾನಗಿಗೆ ಪಾಠ ಮತ್ತು ಗುರಿಮೈದಾನದ ಪರೀಕ್ಷೆ ಕೂಡಿದ ಎಂಟು ಗಂಟೆಗಳ ತರಗತಿಯಿತ್ತು. 2020ರಿಂದ ಮರೆಮಾಡಿ ಧರಿಸುವುದಕ್ಕಷ್ಟೇ ಸೀಮಿತವಾದ ಬೇರೊಂದು ಪರವಾನಗಿಗೆ ಕಂಪ್ಯೂಟರಿನ ಮುಂದೆ ತೊಂಬತ್ತು ನಿಮಿಷ ಕುಳಿತರೆ ಸಾಕೆಂದಾಯಿತು. 2021ರ ಜುಲೈ 1ರಿಂದ 21 ವರ್ಷ ತುಂಬಿದವನಿಗೆ ಸಾಮಾನ್ಯವಾಗಿ ಪರವಾನಗಿಯೇ ಬೇಡವೆಂದಾಯಿತು. ತರಗತಿಯೆಂಬುದು ಬರಿಯ ಔಪಚಾರಿಕತೆಯಾದಾಗ ಅದನ್ನು ಕಳಚಿಹಾಕುವುದು ಶಾಸಕರಿಗೆ ಸುಲಭ. ಒಳ್ಳೆಯ ತರಬೇತಿ ದುಬಾರಿಯಾಗಬೇಕೆಂದೂ ಇಲ್ಲ. ಅದೇ ದೇಶದ ಜೆಫ್ ಕೂಪರರು 1976ರಲ್ಲಿ ಅರಿಜೋನಾದಲ್ಲಿ ಕೈಬಂದೂಕಿನ ಶಾಲೆಯನ್ನು ತೆರೆದು ಪ್ರಚಾರಕ್ಕೆ ತಂದ ನಾಲ್ಕು ನಿಯಮಗಳು ಇಂದು ಲೋಕಪ್ರಸಿದ್ಧವಾಗಿವೆ: ಎಲ್ಲ ಬಂದೂಕುಗಳೂ ಸದಾ ತುಂಬಿವೆಯೆಂದೇ ಭಾವಿಸಬೇಕು, ನಾಶಪಡಿಸಲು ಒಪ್ಪದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು, ಗುರಿ ನಿಶ್ಚಿತವಾಗುವವರೆಗೆ ಬೆರಳು ಕುದುರೆಯನ್ನು ಮುಟ್ಟಬಾರದು, ಗುರಿಯನ್ನೂ ಅದರ ಹಿಂದಿರುವುದನ್ನೂ ಅರಿತಿರಬೇಕು. ಈ ನಾಲ್ಕರಲ್ಲಿ ಯಾವೊಂದಕ್ಕೂ ಹಣ ಬೇಕಿಲ್ಲ, ಸರಕಾರದ ಆದೇಶವೂ ಬೇಕಿಲ್ಲ.

ಇಲ್ಲಿ ಒಂದು ಹಳೆಯ ವ್ಯಾಜ್ಯವನ್ನು ಪ್ರಸ್ತಾಪಿಸದೆ ಮುಂದುವರಿಯಲಾರೆ. ಬೋಧಕರಿಗೆ ಪುನಃಪರೀಕ್ಷೆಯಾಗಬೇಕೆಂಬ ನಿರ್ಣಯವನ್ನು ನಾನು ಹಿಂದೆಯೇ ಈ ಸಂಘದ ಮುಂದಿಟ್ಟಿದ್ದೆ. ಅಂದು ಪದಾಧಿಕಾರಿಯೊಬ್ಬರು ಎದ್ದು ನಿಂತು, ಹಿರಿಯ ಯೋಧರನ್ನು ಅವಮಾನಿಸುವ ನಿರ್ಣಯವಿದು ಎಂದು ಘೋಷಿಸಿದರು, ಚರ್ಚೆಗೆ ಅವಕಾಶವಾಗಲಿಲ್ಲ, ಮುಂದಿನ ವರ್ಷದ ನಡವಳಿ ಪುಸ್ತಕದಲ್ಲಿ ಆ ನಿರ್ಣಯದ ಸುಳಿವೇ ಇರಲಿಲ್ಲ. ಅದನ್ನು ಬಿಟ್ಟದ್ದೇಕೆಂದು ಬರೆದು ಕೇಳಿದ ನನ್ನ ಪತ್ರಕ್ಕೆ ಇಂದಿಗೂ ಉತ್ತರ ಬಂದಿಲ್ಲ. ವಿಮಾನ ಚಾಲಕನು ಕಾಲಕಾಲಕ್ಕೆ ಪರೀಕ್ಷೆಗೆ ಒಳಪಡುತ್ತಾನೆ, ಅದರಿಂದ ಅವನ ಗೌರವ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ. ಯೋಧರಿಗೆ ನಿಜವಾದ ಅವಮಾನವೆಂದರೆ ಅವರ ಪದವಿಯ ಮರೆಯಲ್ಲಿ ಸುಳ್ಳು ಪ್ರಮಾಣಪತ್ರಗಳು ಹೊರಬರುವುದು.

ನನ್ನ ಸಲಹೆಗಳನ್ನು ಕ್ರಮವಾಗಿ ಹೇಳುತ್ತೇನೆ. ಪಾಠದ ಕೋಣೆಯೊಳಗೆ ಜೀವಂತ ತೋಟಾ ಪ್ರವೇಶಿಸಕೂಡದು. ಬಾಗಿಲಿನಲ್ಲಿಯೇ ಇಬ್ಬರು ಪ್ರತಿಯೊಂದು ಆಯುಧವನ್ನೂ ಪ್ರತಿಯೊಂದು ಚೀಲವನ್ನೂ ಪರೀಕ್ಷಿಸಬೇಕು. ಗುಂಡು ಹಾರಿಸುವ ಸಾಲಿನಲ್ಲಿ ನಾಲ್ವರು ಶಿಷ್ಯರಿಗೆ ಒಬ್ಬ ಬೋಧಕನಿರಬೇಕು, ಮೊದಲ ಸಲ ಕೈಬಂದೂಕು ಹಿಡಿಯುವವನ ಪಕ್ಕದಲ್ಲಿ ಅವನಿಗೇ ಮೀಸಲಾದ ಒಬ್ಬ ಬೋಧಕನು ನಿಂತಿರಬೇಕು. ಯಾವ ಬಗೆಯ ಆಯುಧಕ್ಕೆ ಅರ್ಜಿಯೋ ಅದೇ ಬಗೆಯ ಆಯುಧದಿಂದ ಕನಿಷ್ಠ 25 ಗುಂಡುಗಳ ಪರೀಕ್ಷೆ ನಡೆಯಬೇಕು. ಗುರಿಗೆ ಎಷ್ಟು ತಾಗಿದವೆಂಬುದಕ್ಕಿಂತ ತುಂಬುವ, ಖಾಲಿಮಾಡುವ, ಕೆಳಗಿಡುವ ಕ್ರಮಕ್ಕೆ ಹೆಚ್ಚಿನ ಅಂಕಗಳಿರಬೇಕು. ನಳಿಗೆ ಒಮ್ಮೆ ಜನರ ಕಡೆ ತಿರುಗಿದರೂ ಆ ದಿನದ ಪರೀಕ್ಷೆ ಅಲ್ಲಿಗೇ ಮುಗಿಯಬೇಕು. ಕಿವಿಗೂ ಕಣ್ಣಿಗೂ ರಕ್ಷಣೆಯಿಲ್ಲದೆ ಯಾರೂ ಸಾಲಿಗೆ ಬರಕೂಡದು. ರಕ್ತಸ್ರಾವ ತಡೆಯುವ ಪಟ್ಟಿ, ಅದನ್ನು ಕಟ್ಟಬಲ್ಲ ವ್ಯಕ್ತಿ, ಸಿದ್ಧವಾಗಿ ನಿಂತ ವಾಹನ, ಈ ಮೂರಿಲ್ಲದೆ ಮೈದಾನ ತೆರೆಯಕೂಡದು. ಬೋಧಕರೆಲ್ಲರೂ ಎರಡು ವರ್ಷಕ್ಕೊಮ್ಮೆ ಹೊರಗಿನ ಪರೀಕ್ಷಕರ ಮುಂದೆ ಪಾಠ ಮಾಡಿ ತೋರಿಸಬೇಕು. ತರಗತಿಯಲ್ಲಿ ಅಕಸ್ಮಾತ್ತಾಗಿ ಗುಂಡು ಹಾರಿದ ಪ್ರತಿಯೊಂದು ಸಂಗತಿಯೂ, ಯಾರಿಗೂ ಗಾಯವಾಗದಿದ್ದರೂ, ಒಂದು ಪುಸ್ತಕದಲ್ಲಿ ದಾಖಲಾಗಬೇಕು.

ಇವು ನಾಳೆಯೇ ಆಗಬಲ್ಲವು. ಇನ್ನು ಕೆಲವು ನನ್ನ ಆಶೆಗಳು: ಪ್ರತಿ ತಾಲೂಕಿನಲ್ಲಿಯೂ ಮಣ್ಣಿನ ಎತ್ತರದ ದಿಬ್ಬವುಳ್ಳ ಸುರಕ್ಷಿತ ಗುರಿಮೈದಾನ, ಅಭ್ಯಾಸದ ತೋಟಾಗಳಿಗೆ ಸರಕಾರದ ರಿಯಾಯಿತಿ, ಕೋವಿಯಿರುವ ಪ್ರತಿ ಮನೆಯಲ್ಲಿಯೂ ಬೀಗವುಳ್ಳ ಉಕ್ಕಿನ ಪೆಟ್ಟಿಗೆ, ದಿಬ್ಬಣದಲ್ಲಿ ಗುಂಡು ಹಾರಿಸಿದವನನ್ನು ಬಂಧುಗಳೇ ಪಂಕ್ತಿಯಿಂದ ಎಬ್ಬಿಸಿ ಕಳುಹಿಸುವಷ್ಟು ಜಾಗೃತವಾದ ಲೋಕಾಭಿಪ್ರಾಯ. ಇವು ಕೈಗೂಡಲು ಒಂದು ತಲೆಮಾರು ಬೇಕಾದೀತು. ಆದರೂ ಇವನ್ನು ಬಯಸುವುದನ್ನು ನಾನು ಬಿಡಲಾರೆ.

ಬೋಧಕರ ಪುನಃಪರೀಕ್ಷೆಯ ನಿರ್ಣಯವನ್ನು ಈ ಮಧ್ಯಾಹ್ನದ ಅಧಿವೇಶನದ ಮೊದಲ ವಿಷಯವನ್ನಾಗಿ ಇಟ್ಟಿದ್ದೇನೆ. ವಿರೋಧಿಸುವವರಿಗೆ ಪೂರ್ಣ ಅವಕಾಶವುಂಟು. ಅವರು ತಮ್ಮ ಹೆಸರನ್ನೂ ಕಾರಣವನ್ನೂ ಹೇಳಲಿ, ಕಾರ್ಯದರ್ಶಿಗಳು ಅದನ್ನು ಅಕ್ಷರಶಃ ಬರೆದುಕೊಳ್ಳಲಿ, ಮತಗಳನ್ನು ಕೈಯೆತ್ತಿಸಿ ಎಣಿಸಲಿ. ನಿರ್ಣಯ ಅಂಗೀಕೃತವಾದಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವ ಮೊದಲನೆಯ ಬೋಧಕನು ನಾನೇ ಆಗುತ್ತೇನೆ, ಅದರ ಫಲಿತಾಂಶವನ್ನು ಸಂಘದ ಹಲಗೆಯ ಮೇಲೆ ಅಂಟಿಸಬೇಕೆಂದು ಕೋರುತ್ತೇನೆ. ನನ್ನ ಜೊತೆಗೆ ಇನ್ನಾರು ಬರುವಿರೆಂಬುದನ್ನು ಊಟದ ವೇಳೆಯೊಳಗಾಗಿ ಕಾರ್ಯದರ್ಶಿಗಳಿಗೆ ಬರೆದುಕೊಡಿರಿ.