ಮಲಯ ಮತ್ತು ಚೀನಾದ ನೆರಳುಗೊಂಬೆಯಾಟ



ನಮ್ಮ ತೊಗಲುಗೊಂಬೆಯಾಟವನ್ನು ನೀವು ನೋಡಿರಬಹುದು. ಬಿಳಿಯ ತೆರೆ, ಅದರ ಹಿಂದೆ ದೀಪ, ನಡುವೆ ಚರ್ಮದ ಗೊಂಬೆಗಳು. ಇಂಥದೇ ಆಟ ಮಲಯ ನಾಡಿನಲ್ಲೂ ಇದೆ, ಚೀನಾದಲ್ಲೂ ಇದೆ. ಹಾಗಾದರೆ ಒಂದರಿಂದ ಇನ್ನೊಂದು ಹುಟ್ಟಿತೇ? ಹೋಲಿಕೆ ಕಂಡೊಡನೆ ಹೌದೆಂದುಬಿಡುವುದು ಸುಲಭ. ಮೊದಲು ಎರಡನ್ನೂ ಹತ್ತಿರದಿಂದ ನೋಡೋಣ.

ಮಲೇಷ್ಯಾದ ಕೆಲಂತಾನ್ ರಾಜ್ಯದಲ್ಲಿ ಈ ಆಟಕ್ಕೆ 'ವಯಾಂಗ್ ಕುಲಿತ್' ಎಂದು ಹೆಸರು. ಕುಲಿತ್ ಎಂದರೆ ಚರ್ಮ. ಸೂತ್ರಧಾರನನ್ನು 'ದಾಲಂಗ್' ಎನ್ನುತ್ತಾರೆ. ಆತನೊಬ್ಬನೇ ಗೊಂಬೆಗಳನ್ನು ಆಡಿಸುತ್ತ ಎಲ್ಲ ಪಾತ್ರಗಳ ಮಾತನ್ನೂ ಆಡುತ್ತಾನೆ. ಕಥೆ ಮುಖ್ಯವಾಗಿ ರಾಮಾಯಣದ್ದು. ಅಲ್ಲಿನ 'ಸೆರಿ ರಾಮ'ನ ಗೊಂಬೆಯದು ಹಸಿರು ಬಣ್ಣ, ಲಕ್ಷ್ಮಣನದು ಕೆಂಪು.

ಚೀನಾದಲ್ಲಿ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯುತ್ತಾರೆ. ಕೈಕಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿ, ಬಣ್ಣ ಹಾಕಿ, ದಾರದಿಂದ ಜೋಡಿಸುತ್ತಾರೆ. ತಲೆಯನ್ನು ಕಳಚಿ ಬೇರೊಂದು ದೇಹಕ್ಕೆ ಸಿಕ್ಕಿಸಬಹುದು. ಕಥೆಗಳು ಅಲ್ಲಿನ ಇತಿಹಾಸ, ಪುರಾಣಗಳವು. 2011ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೀಗೆ ಕಥೆಯೂ ಬೇರೆ, ಕುಶಲತೆಯೂ ಬೇರೆ. ನೆರಳಾಟದ ಮೂಲ ಭಾರತವೋ, ಚೀನಾವೋ, ಜಾವಾವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ನಂಟು ಇಲ್ಲವೆಂದಲ್ಲ. ಅದನ್ನು ಹುಟ್ಟಿನಲ್ಲಿ ಹುಡುಕುವ ಬದಲು ಜನರ ಬದುಕಿನಲ್ಲಿ ಹುಡುಕಬೇಕು.

ವ್ಯಾಪಾರಕ್ಕೂ ದುಡಿಮೆಗೂ ಕಡಲು ದಾಟಿ ಬಂದ ಚೀನೀಯರು ಮಲಯ ನಾಡಿನಲ್ಲಿ ನೆಲೆಸಿದರು. ಅವರು ಬೀದಿಯಲ್ಲಿ ಆಡುವ ಸಂಗೀತ ನಾಟಕಕ್ಕೂ ಅಲ್ಲಿ 'ವಯಾಂಗ್' ಎಂಬ ಮಲಯ ಹೆಸರೇ ನಿಂತಿತು. ಪೆನಾಂಗ್‌ನಲ್ಲಿ ನೆಲೆಸಿದ ತಿಯೋಚ್ಯೂ ಜನರದು ಕಬ್ಬಿಣದ ಸರಳಿನ ಬೊಂಬೆಯಾಟ. ಅದು ನೆರಳಾಟದಿಂದಲೇ ಬೆಳೆದದ್ದು. ಈಗ ತೆರೆಯೂ ಇಲ್ಲ, ನೆರಳೂ ಇಲ್ಲ; 'ಕಾಗದದ ನೆರಳು' ಎಂಬ ಹಳೆಯ ಹೆಸರು ಮಾತ್ರ ಉಳಿದಿದೆ.

ಎರಡು ಪರಂಪರೆಗಳು ಒಂದೇ ತೆರೆಯ ಮೇಲೆ ಕೂಡಿದ್ದನ್ನು ಕಾಣಲು ನೆರೆಯ ಜಾವಾಕ್ಕೆ ಹೋಗಬೇಕು. ಯೋಗ್ಯಕರ್ತದಲ್ಲಿ ಗಾನ್ ಥ್ವಾನ್ ಸಿಂಗ್ ಎಂಬ ಚೀನೀ ಮೂಲದ ಕಲಾವಿದ 1925ರ ಸುಮಾರಿಗೆ ಹೊಸ ಬಗೆಯ ನೆರಳಾಟ ಕಟ್ಟಿದ. ಕಥೆ ತಾಂಗ್ ಕಾಲದ ಚೀನೀ ಸೇನಾನಿಯದು. ಮಾತು ಜಾವಾ ಭಾಷೆಯದು, ಮೇಳ ಜಾವಾದ ಗಾಮೆಲಾನ್ ವಾದ್ಯಗಳದು. ಗೊಂಬೆಗಳ ತಲೆಯನ್ನು ಮಾತ್ರ ಚೀನೀ ಪದ್ಧತಿಯಂತೆ ಬದಲಿಸಬಹುದಿತ್ತು. ಆತನ ನಂತರ ಈ ಆಟ ಬಹುಮಟ್ಟಿಗೆ ನಿಂತುಹೋಯಿತು. ಆ ಗೊಂಬೆಗಳ ಒಂದು ಸಂಗ್ರಹ ಯೋಗ್ಯಕರ್ತದ ಸೋನೋಬುದೋಯೋ ವಸ್ತುಸಂಗ್ರಹಾಲಯದಲ್ಲಿದೆ.

ಗೊಂಬೆಗಳು ಉಳಿದವು, ಆಡಿಸುವ ಕೈ, ನುಡಿಸುವ ದನಿ ಉಳಿಯಲಿಲ್ಲ. ಎರಡು ಜನಾಂಗಗಳು ಒಂದೇ ಊರಿನಲ್ಲಿ ಬಾಳಿ, ಪರಸ್ಪರ ಕಲಿತು ಕಟ್ಟಿದ ಕಲೆ ಒಂದೇ ತಲೆಮಾರಿನಲ್ಲಿ ಮರೆಯಾಗಬಹುದು. ನಿಮ್ಮ ಊರಿನ ಬಳಿ ತೊಗಲುಗೊಂಬೆಯ ಮೇಳವಿದ್ದರೆ, ಒಂದು ರಾತ್ರಿ ಹೋಗಿ ತೆರೆಯ ಮುಂದೆ ಕುಳಿತುಕೊಳ್ಳಿ. ಬೆಳಗಾದ ಮೇಲೆ ತೆರೆಯ ಹಿಂದಕ್ಕೂ ಹೋಗಿ, ಕಲಾವಿದರನ್ನು ಮಾತನಾಡಿಸಿ ಬನ್ನಿ.