ಬಿದನೂರಿನ ಕಡೆಯ ರಾಣಿ

ಹಾಸನದಿಂದ ಬೇಲೂರಿನ ಮಾರ್ಗವಾಗಿ ಮೂಡಿಗೆರೆಗೆ ಹೋಗಿ, ಅಲ್ಲಿಂದ ಮುಂದೆ ಕಾಡುಗಳನ್ನು ದಾಟಿ ಘಟ್ಟದ ಅಂಚನ್ನು ಮುಟ್ಟಿದರೆ ಬಲ್ಲಾಳರಾಯನ ದುರ್ಗವೆಂಬ ಹಳೆಯ ಕೋಟೆಯೊಂದು ಸಿಕ್ಕುತ್ತದೆ. ಕಣಿವೆಗಳಲ್ಲಿ ದಟ್ಟವಾದ ಕಾಡು, ನೆತ್ತಿಯ ಮೇಲೆ ಬೋಳು ಹುಲ್ಲುಗುಡ್ಡ, ಅಲ್ಲಲ್ಲಿ ಒಡೆದು ನಿಂತ ಕಲ್ಲುಗೋಡೆ. ಪಶ್ಚಿಮದ ಕಡೆಗೆ ನೆಲವು ಒಮ್ಮೆಗೇ ಜಾರಿ ಕರಾವಳಿಯ ಸೀಮೆಗೆ ಇಳಿಯುತ್ತದೆ. ಹೆಸರೇನೋ ಹೊಯ್ಸಳ ಬಲ್ಲಾಳರದು. ಆದರೆ ನಾನು ಹೇಳಹೊರಟಿರುವ ಕಥೆ ಬಲ್ಲಾಳರದಲ್ಲ. 1763ರ ಮಾರ್ಚ್ ತಿಂಗಳಿನಲ್ಲಿ ಈ ಕೋಟೆಗೆ ಒಬ್ಬ ರಾಣಿಯು ತನ್ನ ದತ್ತುಪುತ್ರನೊಡನೆ ಓಡಿಬಂದಳು. ಹಿಂದೆ ಆಕೆಯ ರಾಜಧಾನಿಯಲ್ಲಿ ಅರಮನೆಗೆ ಬೆಂಕಿ ಬಿದ್ದಿತ್ತು. ಆ ಬೆಂಕಿಯನ್ನಿಡಲು ಅಪ್ಪಣೆ ಕೊಟ್ಟವಳು ಆಕೆಯೇ. ಹೆಸರು ವೀರಮ್ಮಾಜಿ, ಕೆಳದಿಯ ನಾಯಕರ ಸಿಂಹಾಸನದಲ್ಲಿ ಕುಳಿತ ಕಡೆಯವಳು.

ಹದಿನೆಂಟನೆಯ ಶತಮಾನದಲ್ಲಿ ಪ್ರಜೆಗಳ ಅಪ್ರೀತಿಗೆ ಗುರಿಯಾಗಿ ಕೆಟ್ಟ ರಾಣಿ ಯಾರೆಂದು ಕೇಳಿದರೆ, ಓದಿದವರೆಲ್ಲರೂ ಫ್ರಾನ್ಸಿನ ಮಾರೀ ಆಂತ್ವಾನೆತ್‌ಳ ಹೆಸರನ್ನು ಹೇಳುವರು. ಆಕೆಯ ಜೀವನಚರಿತ್ರೆಗಳು ಒಂದು ಬೀರುವನ್ನು ತುಂಬುವಷ್ಟಿವೆ. ವೀರಮ್ಮಾಜಿ ಬಲ್ಲಾಳರಾಯನ ದುರ್ಗವನ್ನು ಹತ್ತಿದಾಗ ಆಂತ್ವಾನೆತ್‌ಳು ವಿಯೆನ್ನಾ ನಗರದಲ್ಲಿ ತಾಯಿಯ ಅರಮನೆಯಲ್ಲಿ ಆಡುತ್ತಿದ್ದ ಏಳು ವರ್ಷದ ಹುಡುಗಿ. ಇಬ್ಬರ ಮೇಲೂ ಬಿದ್ದ ಅಪವಾದ ಒಂದೇ ಬಗೆಯದು. ಆದಕಾರಣ ನಮ್ಮ ರಾಣಿಯ ಕಥೆಯನ್ನು ಹೇಳುವಾಗ ಆ ರಾಣಿಯನ್ನೂ ನಡುನಡುವೆ ನೆನೆಯಬೇಕಾಗುವುದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳವರಿಗೆ ಬಿದನೂರು ಪರಸ್ಥಳವೆಂದು ತೋರಬಹುದು. ಈ ಕಡೆಯ ಪಾಳೆಯಗಾರರು ಹದಿನೇಳನೆಯ ಶತಮಾನ ಮುಗಿಯುವುದರೊಳಗೆ ಮೈಸೂರು ಒಡೆಯರಿಗೆ ಅಧೀನರಾಗಿ ಹೋದರು. ಆದರೆ ಕೆಳದಿಯವರ ಕೈ ಒಂದು ಕಾಲಕ್ಕೆ ಬೇಲೂರಿನವರೆಗೂ ಚಾಚಿತ್ತು. ವಿಜಯನಗರದ ಕಡೆಯ ಅರಸನಾದ ಶ್ರೀರಂಗರಾಯನಿಗೆ ಶಿವಪ್ಪನಾಯಕನು ಆಶ್ರಯ ಕೊಟ್ಟುದು ಅಲ್ಲಿಯೇ. ಇನ್ನು ಬಿದನೂರನ್ನು ಹಿಡಿದವನಾದರೋ, ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕವನ್ನು ಕೂಡಿಸಿದ ಹೈದರ್ ಅಲಿಯೇ. ನೆರೆಮನೆಯ ಕಥೆಯೆಂದುಕೊಂಡು ಕೇಳಬಹುದು.

ಕೆಳದಿಯ ಮನೆತನಕ್ಕೆ ಹೆಂಗಸಿನ ಆಳಿಕೆ ಹೊಸತಲ್ಲ. ವೀರಮ್ಮಾಜಿಗಿಂತ ಎರಡು ಮೂರು ತಲೆ ಹಿಂದೆ ಚೆನ್ನಮ್ಮಾಜಿಯು ಸುಮಾರು ಇಪ್ಪತ್ತೈದು ವರ್ಷ ಆಳಿದಳು. ಗಂಡನಿಲ್ಲದವಳು, ಹೊಟ್ಟೆಯಲ್ಲಿ ಮಕ್ಕಳಿಲ್ಲದವಳು, ದತ್ತು ತೆಗೆದುಕೊಂಡು ರಾಜ್ಯಭಾರ ಮಾಡಿದವಳು. ಶಿವಾಜಿಯ ಮಗ ರಾಜಾರಾಮನು ಮೊಗಲರಿಗೆ ತಪ್ಪಿಸಿಕೊಂಡು 1689ರಲ್ಲಿ ತನ್ನ ಸೀಮೆಗೆ ಬಂದಾಗ ಆತನನ್ನು ಕಾಪಾಡಿ, ಅದರ ಫಲವಾಗಿ ಬಂದ ಔರಂಗಜೇಬನ ಸೈನ್ಯವನ್ನೂ ಎದುರಿಸಿದಳು. ಆಕೆಯನ್ನು ಇಂದಿಗೂ ನಾಡು ಹಾಡಿ ಹೊಗಳುತ್ತದೆ. ವೀರಮ್ಮಾಜಿಯ ಸ್ಥಿತಿಯೂ ಹೊರಗಿನಿಂದ ನೋಡಿದರೆ ಅದೇ: ವಿಧವೆ, ದತ್ತುಪುತ್ರ, ದೊಡ್ಡ ಸಂಸ್ಥಾನ, ಬಾಗಿಲಲ್ಲಿ ಶತ್ರು. ಒಬ್ಬಳು ವೀರರಾಣಿ, ಇನ್ನೊಬ್ಬಳು ಕುಲಗೇಡಿ. ಈ ಅಂತರವೆಲ್ಲಿಂದ ಬಂದಿತೆಂಬುದನ್ನು ವಿಚಾರಿಸಬೇಕು.

ಬಸಪ್ಪನಾಯಕನು 1754ರಲ್ಲಿ ತೀರಿಕೊಂಡನು. ಆತನ ದತ್ತುಪುತ್ರನಾದ ಚೆನ್ನಬಸಪ್ಪನಾಯಕನು ಪಟ್ಟಕ್ಕೆ ಬಂದು 1757ರಲ್ಲಿ ಇಲ್ಲವಾದನು. ಆಮೇಲೆ ಬಸಪ್ಪನಾಯಕನ ರಾಣಿಯಾದ ವೀರಮ್ಮಾಜಿಯು ಸೋಮಶೇಖರನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ತಾನೇ ಆಳತೊಡಗಿದಳು. ನಡೆದುದರ ಹೊರಗಿನ ರೂಪ ಇಷ್ಟು. ಒಳಗಿನದೆಂದು ಹೇಳುವ ಕಥೆ ಬೇರೆ. ರಾಣಿಗೆ ನಿಂಬಯ್ಯನೆಂಬವನಲ್ಲಿ ಸಲಿಗೆಯಿತ್ತು. ಎಳೆಯ ಅರಸನು ಅದನ್ನು ಆಕ್ಷೇಪಿಸಿದನು. ಆಕೆಯು ಒಬ್ಬ ಜಟ್ಟಿಯ ಕೈಯಿಂದ ಅವನ ಕುತ್ತಿಗೆಯನ್ನು ಮುರಿಸಿ ಕೊಲ್ಲಿಸಿದಳು. ಇದರಿಂದ ಜನರೆಲ್ಲರೂ ಆಕೆಯನ್ನು ಹೇಸಿದರು. ಇಂಗ್ಲಿಷಿನಲ್ಲಿ ಇದನ್ನು ವಿಸ್ತಾರವಾಗಿ ಬರೆದು ಎಲ್ಲರಿಗೂ ತಿಳಿಸಿದವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು, ಶ್ರಮವಹಿಸಿ ಚರಿತ್ರೆ ಬರೆದವನು, ಆತನ ಗ್ರಂಥವಿಲ್ಲದೆ ನಮ್ಮ ಕೆಲಸ ಸಾಗದು. ಆದರೆ ಅದರ ಮೊದಲ ಸಂಪುಟ ಅಚ್ಚಾದುದು 1810ರಲ್ಲಿ. ಬಿದನೂರು ಬಿದ್ದು ಆಗ ನಲವತ್ತೇಳು ವರ್ಷವಾಗಿತ್ತು. ಅಷ್ಟು ವರ್ಷ ಆ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ಗೆದ್ದವರ ಕಡೆಯವರೇ ಹೆಚ್ಚಾಗಿದ್ದಿರಬೇಕು. ಕೆಳದಿಯ ಆಸ್ಥಾನದ ಕಾವ್ಯದಿಂದ ಇದನ್ನು ತಿದ್ದಿಕೊಳ್ಳೋಣವೆಂದರೆ, ಆಸ್ಥಾನಕಾವ್ಯವು ತನ್ನ ಅರಸರನ್ನು ಹೊಗಳುವುದು ಸಹಜ; ಅದರಿಂದಲೂ ತೀರ್ಪು ಹುಟ್ಟುವುದಿಲ್ಲ.

ಒಂದು ಮಾತನ್ನು ಇಲ್ಲಿ ಬಿಟ್ಟುಹೋಗಲು ಮನಸ್ಸು ಬಾರದು. ಈ ವಿಲ್ಕ್ಸನೇ ಮುಂದೆ ಸೇಂಟ್ ಹೆಲಿನಾ ದ್ವೀಪಕ್ಕೆ ಗವರ್ನರನಾದನು. 1815ರಲ್ಲಿ ನೆಪೋಲಿಯನ್ನನನ್ನು ಸೆರೆಯಾಳಾಗಿ ಅಲ್ಲಿಗೆ ತಂದಾಗ ಎದುರುಗೊಂಡ ಅಧಿಕಾರಿ ಆತನೇ. ನೆಪೋಲಿಯನ್ನನ ಎರಡನೆಯ ಹೆಂಡತಿಯು ಆಂತ್ವಾನೆತ್‌ಳ ಅಣ್ಣನ ಮೊಮ್ಮಗಳು. ವೀರಮ್ಮಾಜಿಯ ಕಥೆಯನ್ನು ಬರೆದ ಕೈಗೆ ಆ ರಾಣಿಯ ನಂಟೂ ಹೀಗೆ ಸುತ್ತುಬಳಸಿ ಬಂದು ಸೇರಿತು.

ಇನ್ನು 1763ನೆಯ ವರ್ಷದ ಆರಂಭಕ್ಕೆ ಬರೋಣ. ಎರಡು ವರ್ಷಗಳ ಹಿಂದೆ ಮೈಸೂರಿನ ಅಧಿಕಾರವನ್ನು ಕೈಗೆ ತೆಗೆದುಕೊಂಡಿದ್ದ ಹೈದರನು ಚಿತ್ರದುರ್ಗದಲ್ಲಿದ್ದನು. ಅಲ್ಲಿಗೆ ಒಬ್ಬ ತರುಣನನ್ನು ಕರೆತಂದರು. ‘ನಾನೇ ಚೆನ್ನಬಸಪ್ಪನಾಯಕ, ಸತ್ತೆನೆಂದು ಜನ ತಿಳಿದಿದ್ದಾರೆ, ತಪ್ಪಿಸಿಕೊಂಡು ಬದುಕಿದ್ದೇನೆ, ನನ್ನ ರಾಜ್ಯವನ್ನು ನನಗೆ ಕೊಡಿಸಬೇಕು’ ಎಂಬುದು ಅವನ ಮೊರೆ. ಹೈದರನು ಒಪ್ಪಿಕೊಂಡು ದಂಡೆತ್ತಿ ಹೊರಟನು. ಆತನ ಸೈನಿಕರೇ ಈ ತರುಣನನ್ನು ನಗೆಯಾಡುತ್ತ ‘ಗೈಬು ರಾಜ’ನೆಂದು ಕರೆಯುತ್ತಿದ್ದರಂತೆ, ಮಾಯವಾಗಿ ಮತ್ತೆ ಎದ್ದುಬಂದವನೆಂಬ ಅರ್ಥದಲ್ಲಿ. ದಂಡಿನ ಆಳಿಗೂ ಗೊತ್ತಿದ್ದ ಗುಟ್ಟು ದಂಡಿನ ಒಡೆಯನಿಗೆ ತಿಳಿಯದೆ ಇದ್ದೀತೆ?

ರಾಣಿಯು ಯುದ್ಧಕ್ಕೆ ಬದಲು ಹಣವನ್ನು ಮುಂದೊಡ್ಡಿದಳು. ಶತ್ರು ಒಂದೊಂದು ಊರನ್ನು ದಾಟಿ ಹತ್ತಿರ ಬಂದಂತೆಲ್ಲ ಕೊಡುವೆನೆಂದ ವರಹಗಳ ಲಕ್ಷ ಏರುತ್ತ ಹೋಯಿತು. ಇದು ದೊಡ್ಡ ತಪ್ಪು. ಹಣವಿದೆಯೆಂದು ಕೊಳ್ಳೆಗಾರನಿಗೆ ದಿನಕ್ಕೊಮ್ಮೆ ಹೇಳಿಕಳಿಸಿದಂತಾಯಿತು. ಎರಡನೆಯ ತಪ್ಪು ಇನ್ನೂ ಹಳೆಯದು. ಹಿಂದೆ ಮಂತ್ರಿಯಾಗಿದ್ದ ಲಿಂಗಣ್ಣನೆಂಬವನನ್ನು ಆಕೆ ಕುಂಸಿಯಲ್ಲಿ ಸೆರೆಯಿಟ್ಟಿದ್ದಳು. ಹೈದರನು ಕುಂಸಿಯನ್ನು ಹಿಡಿದಾಗ ಈ ಮಂತ್ರಿಯು ಕೈಗೆ ಸಿಕ್ಕಿ, ರಾಜಧಾನಿಗೆ ಕಾಡಿನೊಳಗಿಂದ ಹೋಗುವ ಗುಪ್ತಮಾರ್ಗವನ್ನು ತೋರಿಸಿಕೊಟ್ಟನು. ಬಿದನೂರಿನ ಬಲವೆಲ್ಲ ಕಾಡಿನದು. ಸುತ್ತ ಗುಡ್ಡ, ಬಿದಿರುಮೆಳೆ, ಕಟ್ಟೆಬಾಗಿಲು. ಆ ಕಾಡಿನ ಕೀಲಿಕೈಯನ್ನು ಬಲ್ಲವನೊಬ್ಬನನ್ನು ಅವಮಾನಪಡಿಸಿ ಶತ್ರು ಬರುವ ದಾರಿಯಲ್ಲಿಯೇ ಕೂಡಿಹಾಕಿದ್ದಳು. ಬಾಗಿಲುಗಳ ಮುಂದೆ ಒಂದು ದಂಡು ಗದ್ದಲವೆಬ್ಬಿಸಿದಾಗ ಇನ್ನೊಂದು ದಂಡು ಒಳದಾರಿಯಿಂದ ಊರನ್ನು ಹೊಕ್ಕಿತು. ಜನ ಮನೆಮಾರುಗಳನ್ನು ಬಿಟ್ಟು ಕಾಡಿಗೆ ಓಡಿದರು. ಹೈದರನು ಅರಮನೆಯ ಬೆಂಕಿಯನ್ನು ಆರಿಸಿ, ಸಾಹುಕಾರರ ಮನೆಗಳಿಗೆ ಮುದ್ರೆ ಹಾಕಿಸಿದನು. ದೊರೆತ ಕೊಳ್ಳೆಯನ್ನು ವಿಲ್ಕ್ಸನು ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡೆಂದು ಅಂದಾಜುಮಾಡುತ್ತಾನೆ. ಈ ಮೊತ್ತವನ್ನು ನಂಬುವುದು ಕಷ್ಟ. ಆದರೆ ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಅಡಿಗಲ್ಲೆಂದು ಹೈದರನೇ ಹೇಳಿಕೊಳ್ಳುತ್ತಿದ್ದನೆಂಬುದನ್ನು ನಂಬಬಹುದು. ಮೆಣಸು, ಅಡಕೆ, ಅಕ್ಕಿಗಳ ವ್ಯಾಪಾರದಿಂದ ನೂರಿಪ್ಪತ್ತು ವರ್ಷಗಳಿಂದ ತುಂಬಿದ ಬೊಕ್ಕಸವದು.

ಬಲ್ಲಾಳರಾಯನ ದುರ್ಗವೂ ಬೇಗನೆ ಹೈದರನ ಕೈಸೇರಿತು. ಇಲ್ಲಿ ನಡೆದುದನ್ನು ಗಮನವಿಟ್ಟು ನೋಡಬೇಕು. ಯಾವ ತರುಣನಿಗೆ ರಾಜ್ಯ ಕೊಡಿಸುವೆನೆಂದು ಹೊರಟಿದ್ದನೋ ಆ ‘ಗೈಬು ರಾಜ’ನನ್ನೂ, ಯಾವ ರಾಣಿಯು ಅವನನ್ನು ಕೊಲ್ಲಿಸಿದಳೆಂದು ಸಾರಿದ್ದನೋ ಆ ರಾಣಿಯನ್ನೂ, ಅವಳ ದತ್ತುಪುತ್ರನೊಡನೆ, ಒಂದೇ ಮಧುಗಿರಿಯ ದುರ್ಗಕ್ಕೆ ಸೆರೆಗೆ ಕಳುಹಿಸಿದನು. ನ್ಯಾಯಾಸ್ಥಾನದಲ್ಲಿ ಇದನ್ನು ಮಂಡಿಸಿದರೆ ವಕೀಲನು ಏನು ಕೇಳುವನು? ಚೆನ್ನಬಸಪ್ಪನು ಸತ್ತುದು ನಿಜವಾದರೆ ಈ ತರುಣನು ಕೃತ್ರಿಮದವನು, ದಂಡಯಾತ್ರೆಯ ನೆಪ ಸುಳ್ಳು. ಈ ತರುಣನು ನಿಜವಾದರೆ ಆಕೆಯು ಕೊಂದಳೆಂಬ ಮಾತು ಬಿದ್ದುಹೋಯಿತು. ಎರಡನ್ನೂ ಒಟ್ಟಿಗೆ ಹೇಳಬೇಕಾದರೆ, ಹೇಳುವವನಿಗೆ ಇವೆರಡರಲ್ಲಿ ಯಾವುದೂ ಮುಖ್ಯವಲ್ಲವೆಂದೇ ಅರ್ಥ. ಆಕೆಯು ನಿರ್ದೋಷಿಯೆಂದು ನಾನು ಸಾಧಿಸುತ್ತಿಲ್ಲ. ಎಳೆಯ ಅರಸನ ಸಾವು ಆಕೆಗೆ ಪಟ್ಟವನ್ನು ತಂದಿತು. ಅನುಮಾನಕ್ಕೆ ಅಷ್ಟು ಸಾಕು. ಆದರೆ ಅನುಮಾನವು ರುಜುವಾತಲ್ಲ. ನಿಂಬಯ್ಯನ ಮಾತಿಗಂತೂ ಅಷ್ಟರ ಆಧಾರವೂ ಕಾಣೆ.

ಆಂತ್ವಾನೆತ್‌ಳ ಕಥೆ ಇಲ್ಲಿ ಸಹಾಯಕ್ಕೆ ಬರುತ್ತದೆ; ಏಕೆಂದರೆ ಅಲ್ಲಿ ಕಾಗದಪತ್ರಗಳು ಉಳಿದಿವೆ. ಹದಿನಾಲ್ಕು ವರ್ಷಕ್ಕೆ ಮದುವೆಯಾಗಿ ಹದಿನೆಂಟಕ್ಕೆ ರಾಣಿಯಾದವಳು. ಜೂಜು, ಒಡವೆ, ನೆಚ್ಚಿನ ಗೆಳತಿಯರಿಗೆ ಪದವಿ ಹಂಚುವುದು, ಇವೆಲ್ಲ ಇದ್ದುವು. ಜನ ಆಡಿಕೊಂಡುದು ಮಾತ್ರ ಶಯನಗೃಹದ ಮಾತನ್ನು. 1785ರಲ್ಲಿ ಹದಿನಾರು ಲಕ್ಷ ಲಿವ್ರ್ ಬೆಲೆಯ ವಜ್ರದ ಹಾರವೊಂದನ್ನು ಆಕೆಯ ಹೆಸರು ಹೇಳಿ ವಂಚಕರು ಹೊಡೆದುಕೊಂಡರು. ಆಕೆಗೆ ಅದರ ಸುಳಿವೇ ಇರಲಿಲ್ಲ. ವಿಚಾರಣೆಯಲ್ಲಿ ಮೋಸಹೋದ ಕಾರ್ಡಿನಲ್ ಬಿಡುಗಡೆಯಾದನು. ಆತನು ನಿರ್ದೋಷಿಯಾದರೆ ರಾಣಿಯೇ ದೋಷಿಯೆಂದು ಪ್ಯಾರಿಸಿನ ಜನ ಕುಣಿದರು. ರೊಟ್ಟಿಯಿಲ್ಲದವರು ಮಿಠಾಯಿ ತಿನ್ನಲಿ ಎಂಬರ್ಥದ ಮಾತನ್ನು ಆಕೆಯ ಬಾಯಿಗೆ ತುರುಕಿದರು; ರೂಸೋ ಆ ಮಾತನ್ನು ಬರೆದಿಟ್ಟಾಗ ಆಕೆಯಿನ್ನೂ ಫ್ರಾನ್ಸಿಗೆ ಕಾಲಿಟ್ಟಿರಲಿಲ್ಲ. 1793ರ ಅಕ್ಟೋಬರಿನ ವಿಚಾರಣೆಯಲ್ಲಿ ಸ್ವಂತ ಮಗನ ವಿಷಯವಾಗಿ ಬಾಯಲ್ಲಿ ಆಡಬಾರದ ಆರೋಪವನ್ನು ಹೊರಿಸಿದಾಗ ಆಕೆಯು ಸಭೆಯಲ್ಲಿದ್ದ ತಾಯಂದಿರ ಕಡೆಗೆ ತಿರುಗಿ ಅವರಿಗೇ ಮೊರೆಯಿಟ್ಟಳು. ಅಷ್ಟಾದರೂ ಆಕೆಯು ಮಾಡಿದ ನಿಜವಾದ ಅಪರಾಧವೊಂದಿತ್ತು: 1792ರಲ್ಲಿ ಫ್ರಾನ್ಸಿನ ಯುದ್ಧದ ಹವಣಿಕೆಯನ್ನು ಗುಟ್ಟಾಗಿ ಆಸ್ಟ್ರಿಯಾದವರಿಗೆ ತಿಳಿಸಿದ್ದಳು. ಅದಕ್ಕೆ ಬೇಕಾದ ಬರಹದ ಸಾಕ್ಷ್ಯವು ನ್ಯಾಯಾಧಿಪತಿಗಳ ಮುಂದಿರಲಿಲ್ಲ. ಹೊರಬಿದ್ದುದು ಬಹಳ ವರ್ಷದ ಮೇಲೆ. ಸುಳ್ಳು ಅಪವಾದದ ಗದ್ದಲದಲ್ಲಿ ನಿಜವಾದ ತಪ್ಪಿನ ಲೆಕ್ಕವನ್ನು ಯಾರೂ ಸರಿಯಾಗಿ ತೆಗೆಯಲಿಲ್ಲ.

ಬಿದನೂರಿನಲ್ಲಿಯೂ ಹೀಗೆಯೇ. ಫ್ರಾನ್ಸಿನ ರಾಣಿ ಆಳುವ ಗಂಡನ ಹೆಂಡತಿ. ವೀರಮ್ಮಾಜಿಯಾದರೋ ತಾನೇ ಆಳಿದವಳು, ಆದುದರಿಂದ ಆಕೆಯನ್ನು ಕೇಳಬೇಕಾದ ಪ್ರಶ್ನೆಗಳು ರಾಜ್ಯಭಾರದ ಪ್ರಶ್ನೆಗಳು. ಮಂತ್ರಿಯನ್ನು ಏಕೆ ಸೆರೆಹಾಕಿದೆ? ದಂಡು ಎಲ್ಲಿ? ಚೆನ್ನಮ್ಮಾಜಿ ಮೊಗಲರೆದುರು ನಿಲ್ಲಿಸಿದ ಬಾಗಿಲನ್ನು ನೀನೇಕೆ ನಿಲ್ಲಿಸಲಾರದೆ ಹೋದೆ? ಇವನ್ನು ಕೇಳುವವರಿಲ್ಲ. ನಿಂಬಯ್ಯನ ಹೆಸರು ಬಂದೊಡನೆ ಕೇಳುವವರಿಗೂ ಹೇಳುವವರಿಗೂ ತೃಪ್ತಿಯಾಗಿಬಿಡುತ್ತದೆ. ಜನರೆಲ್ಲ ಆಕೆಯನ್ನು ದ್ವೇಷಿಸಿ ಹೈದರನನ್ನು ಬರಮಾಡಿಕೊಂಡರೆಂಬುದನ್ನೂ ಸ್ವಲ್ಪ ತಡೆದು ನಂಬಬೇಕು. ಅದೇ ವರ್ಷ ಹಳೆಯ ಅಧಿಕಾರಿಗಳು ಹೈದರನನ್ನು ಕೊಲ್ಲಲು ಒಳಸಂಚು ನಡೆಸಿದರು. ಅದು ಹೊರಬಿದ್ದ ದಿನ ಮುಳುಗುವುದರೊಳಗೆ ಮುನ್ನೂರಕ್ಕೆ ಮೇಲ್ಪಟ್ಟು ಜನರನ್ನು ಊರಿನ ಬೀದಿಗಳಲ್ಲಿ ನೇಣುಹಾಕಿಸಿದನೆಂದು ವಿಲ್ಕ್ಸನೇ ಬರೆದಿದ್ದಾನೆ.

ಊರಿಗೆ ಹೈದರನಗರವೆಂದು ಹೆಸರಾಯಿತು. ಈಗ ಬರಿಯ ನಗರ. ಅಲ್ಲಿನ ಟಂಕಸಾಲೆಯಲ್ಲಿ ಹೈದರನು ಹೊಡೆಸಿದ ವರಹದ ಒಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಹಾಕಿಸಿ, ಇನ್ನೊಂದು ಮುಖದಲ್ಲಿ ಇಕ್ಕೇರಿಯ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡನು. ಆ ಬೊಕ್ಕಸದ ಮೇಲೆ ಬೆಳೆದ ರಾಜ್ಯದಿಂದ, ಮಗನಾದ ಟಿಪ್ಪುವಿನ ಕಾಲದಲ್ಲಿ, ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋದರು. ಹದಿನಾರನೆಯ ಲೂಯಿಯು ವೆರ್ಸೇಲ್ಸಿನ ಅರಮನೆಯಲ್ಲಿ ಅವರಿಗೆ ದರ್ಶನ ಕೊಟ್ಟುದು 1788ರ ಆಗಸ್ಟ್ 10ರಲ್ಲಿ. ಆಂತ್ವಾನೆತ್‌ಳ ನೆಚ್ಚಿನ ಚಿತ್ರಗಾರ್ತಿಯಾದ ವಿಜೇ ಲ ಬ್ರಂ ಅವರಲ್ಲಿ ಇಬ್ಬರ ಚಿತ್ರವನ್ನು ಬರೆದಳು. ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಅದೇ ಆಗಸ್ಟ್ 10ರಂದು, ಪ್ಯಾರಿಸಿನ ಜನ ಅರಮನೆಗೆ ನುಗ್ಗಿ ಆ ಅರಸು ಅರಸಿಯರ ಆಳಿಕೆಯನ್ನು ಮುಗಿಸಿದರು.

ವೀರಮ್ಮಾಜಿಯು ಮಧುಗಿರಿಯಲ್ಲಿ ನಾಲ್ಕು ವರ್ಷ ಸೆರೆಯಲ್ಲಿದ್ದಳು. 1767ರಲ್ಲಿ ಪೇಶ್ವೆ ಮಾಧವರಾಯನು ಆ ದುರ್ಗವನ್ನು ಹಿಡಿದು ತಾಯಿಮಕ್ಕಳನ್ನು ಬಿಡಿಸಿ, ಮರ್ಯಾದೆಯಿಂದ ಪುಣೆಗೆ ಕಳುಹಿಸಿದನು. ಸೋಮಶೇಖರನು ಪುಣೆಯನ್ನು ಸೇರಿದನು. ರಾಣಿಯು ದಾರಿಯಲ್ಲಿಯೇ ತೀರಿಕೊಂಡಳು.